ಕೈಗುಣ

ನಮ್ಮ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತೊಂಬತ್ತು ಸಂಶೋಧನಾ ಕೇಂದ್ರಗಳಿವೆ. ಯಾವುದು ಯಾವ ಕಟ್ಟಡದಲ್ಲಿದೆ ಎಂದು ಹುಡುಕುವಷ್ಟರಲ್ಲಿ ಹೊಸಬರಿಗೆ ಅರ್ಧ ದಿನ ಕಳೆದಿರುತ್ತದೆ. ನಮ್ಮ ಕ್ಯಾನ್ಸರ್ ಕೇಂದ್ರದ ಗುರುತು ಮಾತ್ರ ಸುಲಭ. ‘ಕೈಗುಣದವರ ಲ್ಯಾಬ್’ ಎಂದರೆ ಗೇಟಿನ ಕಾವಲುಗಾರನೂ ಎರಡನೇ ಮಹಡಿಗೆ ಕೈ ತೋರಿಸುತ್ತಾನೆ. ಆ ಕೈಗುಣದವನು ನಾನೇ. ಓದಿದ್ದು ಡಿಪ್ಲೊಮಾ, ಕೆಲಸ ಟೆಕ್ನಿಷಿಯನ್. ದೊಡ್ಡ ದೊಡ್ಡ ಡಾಕ್ಟರೇಟಿನವರೆಲ್ಲ ಕೈಚೆಲ್ಲಿದ ಜೀವಕೋಶಗಳನ್ನು ನಾನು ಬದುಕಿಸಿದೆ ಎಂಬುದು ನನ್ನ ಕೀರ್ತಿ. ಹದಿನಾಲ್ಕು ವರ್ಷ ಅದನ್ನು ಶಾಲಿನ ಹಾಗೆ ಹೊದ್ದುಕೊಂಡು ಓಡಾಡಿದೆ. ಮೀಸೆ ಇದ್ದಿದ್ದರೆ ತಿರುವುತ್ತಲೂ ಇದ್ದೆ.

ಕೆಲಸ ಏನೆಂದು ಹೇಳಿಬಿಡುತ್ತೇನೆ. ಆಸ್ಪತ್ರೆಯಲ್ಲಿ ರೋಗಿಯ ಗಡ್ಡೆ ತೆಗೆದಾಗ ಅದರ ಒಂದು ಚೂರು ನಮಗೆ ಬರುತ್ತದೆ. ಅದರ ಕೋಶಗಳನ್ನು ಬಿಡಿಸಿ, ಚಪ್ಪಟೆ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಮೇಲೆ ಕೆಂಪು ಪೋಷಕ ದ್ರವ ಸುರಿದು, ಮೈಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿಟ್ಟು ಸಾಕಬೇಕು. ಮೂರು ದಿನಕ್ಕೊಮ್ಮೆ ದ್ರವ ಬದಲಿಸಬೇಕು. ಬಾಟಲಿ ತುಂಬಿತೋ, ಬೇರೆ ಬಾಟಲಿಗಳಿಗೆ ಹಂಚಬೇಕು. ಇದರಲ್ಲಿ ಭಾನುವಾರವಿಲ್ಲ, ನೆಗಡಿ ಜ್ವರದ ನೆಪವಿಲ್ಲ. ಎಳೆಗೂಸಿನ ಆರೈಕೆಯೇ ಸರಿ.

ಹದಿನಾಲ್ಕು ವರ್ಷದ ಹಿಂದೆ ಪಿತ್ತನಾಳದ ಒಂದು ಅಪರೂಪದ ಕ್ಯಾನ್ಸರಿನ ಚೂರು ಬಂತು. ಅದನ್ನು ಬಾಟಲಿಯಲ್ಲಿ ಬೆಳೆಸಿದವರು ಎಲ್ಲೂ ಇರಲಿಲ್ಲ. ನಮ್ಮಲ್ಲೂ ಅದು ಮೊಂಡು ಹಿಡಿದು ಕೂತಿತು. ಒಂದು ಎರಡಾಗಲು ಹನ್ನೆರಡು ದಿನ. ಉಳಿದವರೆಲ್ಲ ಬೇಸತ್ತು ಬೇರೆ ಕೆಲಸ ಹಿಡಿದರು. ಫೋಟೊ ತೆಗೆಯುವಷ್ಟು ಕೂಡ ಬೆಳೆದಿರಲಿಲ್ಲವಾದ್ದರಿಂದ ಆ ಮೂರು ತಿಂಗಳು ಅದರ ಮುಖ ನೋಡಿದವನು ನಾನೊಬ್ಬನೇ. ‘ಮುನಿಸಮ್ಮ’ ಎಂದು ಹೆಸರನ್ನೂ ಇಟ್ಟೆ. ಅದೇ ಪೆಟ್ಟಿಗೆಯ ಮೇಲಿನ ತಟ್ಟೆಯಲ್ಲಿ ಇನ್ನೊಂದು ಜಾತಿಯ ಕೋಶವಿತ್ತು, ಎಲ್ಲ ಲ್ಯಾಬುಗಳಲ್ಲೂ ಇರುವಂಥದ್ದು, ಹಾಕಿದ್ದನ್ನೆಲ್ಲ ತಿಂದು ದಿನಕ್ಕೊಂದು ಸಲ ಇಮ್ಮಡಿಯಾಗುವಂಥದ್ದು. ಅದು ಬಕಾಸುರ.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಮುನಿಸಮ್ಮ ಮುನಿಸು ಬಿಟ್ಟಿದ್ದಳು. ಬಾಟಲಿಯ ತಳವೆಲ್ಲ ತುಂಬಿತ್ತು. ಮುಖ ಸ್ವಲ್ಪ ಬದಲಾದಂತೆ ಕಂಡಿತು, ನಿಜ. ಹೊಟ್ಟೆ ತುಂಬಿದವರ ಮುಖ ಬದಲಾಗದೆ ಇರುತ್ತದೆಯೇ ಎಂದುಕೊಂಡೆ. ಕೇಂದ್ರದ ಮುಖ್ಯಸ್ಥೆ, ನಾವೆಲ್ಲ ಮೇಡಂ ಎನ್ನುವವರು, ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ‘ನಿಮ್ಮ ಕೈಗುಣ ಕಣ್ರೀ’ ಎಂದರು. ಅವತ್ತು ಲ್ಯಾಬಿಗೆಲ್ಲ ಸಿಹಿ ಹಂಚಿದರು.

ಆ ಕೋಶಗಳ ಮೇಲೆ ಇಬ್ಬರು ಪಿಎಚ್.ಡಿ. ಮಾಡಿ ಹೋದರು. ಮೂರನೆಯವಳು ನನ್ನ ಅಕ್ಕನ ಮಗಳು. ಅವಳಿಗೆ ಬೇರೆ ಕಡೆ ಸಸ್ಯಶಾಸ್ತ್ರಕ್ಕೆ ಸೀಟು ಸಿಕ್ಕಿತ್ತು. ‘ಗಿಡಗಂಟೆ ನೋಡ್ಕೊಂಡು ಏನ್ ಮಾಡ್ತೀಯೇ, ನಮ್ಮಲ್ಲಿಗೆ ಬಾ, ಪ್ರಪಂಚದಲ್ಲೆಲ್ಲೂ ಇಲ್ಲದ ಕೋಶ ನಿನ್ನ ಮಾವನ ಕೈಲಿದೆ’ ಎಂದು ಎಳೆದುಕೊಂಡು ಬಂದವನು ನಾನು. ಬಂದಳು. ಯಾವ ಔಷಧಿಗೆ ಮುನಿಸಮ್ಮ ಬಗ್ಗುತ್ತಾಳೆ ಎಂದು ಆರು ವರ್ಷ ಹುಡುಕಿದಳು. ಎರಡು ಔಷಧಿ ಒಟ್ಟಿಗೆ ಕೊಟ್ಟರೆ ಬಗ್ಗುತ್ತಾಳೆ ಎಂದು ಕಂಡುಹಿಡಿದಳು. ಇನ್ನೂರು ಚಿಲ್ಲರೆ ಪುಟದ ಪ್ರಬಂಧ ಬರೆದು ಮುಗಿಸಿದಳು.

ಅದರ ಸಾರವನ್ನು ಒಂದು ಪತ್ರಿಕೆಗೆ ಕಳಿಸಿದಾಗ ಅವರು ಹೆಚ್ಚುಕಡಿಮೆ ಒಪ್ಪಿಕೊಂಡರು. ಒಂದೇ ತಕರಾರು: ಕೋಶಗಳ ಗುರುತಿನ ಪ್ರಮಾಣಪತ್ರ ಬೇಕು. ‘ಹೆತ್ತವಳ ಹತ್ರ ಮಗುವಿನ ಗುರುತು ಕೇಳಿದ ಹಾಗಾಯ್ತು’ ಎಂದು ನಾನು ಗೊಣಗಿದೆ. ಎದುರು ಕಟ್ಟಡದ ಡಿಎನ್‌ಎ ಕೇಂದ್ರಕ್ಕೆ ಒಂದು ಬಾಟಲಿಯನ್ನು ನಾನೇ ಕೊಟ್ಟು ಬಂದೆ. ಎರಡು ವಾರದ ಮೇಲೆ ಲಕೋಟೆಯನ್ನೂ ನಾನೇ ತಂದೆ.

ಅವಳು ನಿಂತುಕೊಂಡೇ ಓದಿದಳು. ಕಾಗದವನ್ನು ಹಿಂದೆಮುಂದೆ ತಿರುಗಿಸಿದಳು.

"ಮಾವ, ಇದು ನಮ್ದಲ್ಲ. ಯಾರದ್ದೋ ಅದಲುಬದಲಾಗಿದೆ."

"ಯಾಕೆ, ಏನಂತೆ?"

"ಬಕಾಸುರ ಅಂತೆ. ಹದಿನಾರಕ್ಕೆ ಹದಿನಾರು ಗುರುತೂ ತಾಳೆ ಆಗ್ತಿದೆಯಂತೆ."

ನಾನು ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ಕೆನ್ನೆಗೆ ಹೊಡೆದುಕೊಳ್ಳಬೇಕು ಅನಿಸುತ್ತದೆ. ಎದುರು ಕಟ್ಟಡಕ್ಕೆ ಹೋಗಿ, ಕೆಲಸ ಬರದಿದ್ದರೆ ಬಾಗಿಲು ಹಾಕಿಕೊಳ್ಳಿ ಎಂದು ಅಲ್ಲಿಯವರ ಮೇಲೆ ಹಾರಾಡಿ, ಇನ್ನೂ ಮೂರು ಬಾಟಲಿ ಕೊಟ್ಟು ಬಂದೆ. ಮೂರೂ ಬಕಾಸುರನೇ.

ನಮ್ಮಲ್ಲೊಂದು ನಿಯಮವಿದೆ. ಒಂದು ಹೊತ್ತಿಗೆ ಒಂದೇ ಜಾತಿಯ ಕೋಶ ಮುಟ್ಟಬೇಕು, ಒಂದೊಂದು ಜಾತಿಗೂ ದ್ರವದ ಬಾಟಲಿ ಬೇರೆ ಇಡಬೇಕು. ಹೊಸದಾಗಿ ಬಂದವರಿಗೆ ಈ ಪಾಠ ಹೇಳುವವನು ನಾನೇ. ಹೇಳುವುದು ವೇದಾಂತ, ತಿನ್ನುವುದು ಬದನೆಕಾಯಿ. ಸುಲಭದ್ದನ್ನು ಮೊದಲು ಮುಗಿಸಿ, ನಾಜೂಕಿನ ಕೆಲಸವನ್ನು ಕೊನೆಗೆ ನಿಧಾನವಾಗಿ ಮಾಡುವುದು ನನ್ನ ಅಭ್ಯಾಸ. ಹಾಗಾಗಿ ಆ ಮೂರು ತಿಂಗಳು ಮೊದಲು ಬಕಾಸುರನಿಗೆ ಉಣ್ಣಿಸಿ ಆಮೇಲೆ ಮುನಿಸಮ್ಮನಿಗೆ ಉಣ್ಣಿಸುತ್ತಿದ್ದೆ. ಅದೂ ಒಂದೇ ಬಾಟಲಿಯಿಂದ. ಇವತ್ತೋ ನಾಳೆಯೋ ಸಾಯುವುದಕ್ಕೆ ಹೊಸ ಬಾಟಲಿ ಯಾಕೆ ತೆರೆಯಬೇಕು ಎಂಬ ಲೆಕ್ಕಾಚಾರ ನನ್ನದು. ದ್ರವದಲ್ಲಿ ಒಂದೇ ಒಂದು ಕೋಶ ತಪ್ಪಿ ಬಿದ್ದಿದ್ದರೂ ಸಾಕು. ಮುನಿಸಮ್ಮ ಯಾವಾಗಲೋ ಸತ್ತು, ಅವಳ ಚೀಟಿ ಅಂಟಿಸಿದ ಬಾಟಲಿಯಲ್ಲಿ ಬಕಾಸುರ ಸಂಸಾರ ಹೂಡಿದ್ದ. ನಾವು ಅದಕ್ಕೆ ಸಿಹಿ ಹಂಚಿದ್ದೆವು.

ಇದನ್ನು ಮೇಡಂ ಕೋಣೆಯಲ್ಲಿ ಹೇಳಿದಾಗ ಅಕ್ಕನ ಮಗಳು ಪಕ್ಕದ ಕುರ್ಚಿಯಲ್ಲೇ ಇದ್ದಳು. ಉಗಿಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಮೇಡಂ ಉಗಿಯಲಿಲ್ಲ.

"ಯಾವತ್ತು ಹಾಗಾಯ್ತು, ನೆನಪಿದೆಯಾ?" ಎಂದು ಕೇಳಿದರು.

"ಹೇಗೆ ಹೇಳ್ಲಿ ಮೇಡಂ. ಯಾವಾಗ್ಲೂ ಹಾಗೇ ಮಾಡ್ತಿದ್ದೆ."

"ಯಾವಾಗ್ಲೂನಾ?" ಎಂದಳು ಹುಡುಗಿ. ನನ್ನ ಕಡೆ ನೋಡಲಿಲ್ಲ.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಿಂದೆ ಪ್ರಕಟ ಮಾಡಿದ್ದೆಲ್ಲ ವಾಪಸ್ ತಗೋಬೇಕು. ಅದು ನನ್ನ ಪಾಡು, ಅನುಭವಿಸ್ತೀನಿ. ಇವಳದ್ದು ಹೇಳಿ. ಇವಳಿಗೆ ಅವಧಿ ಮುಗೀತಾ ಬಂತು. ಬೇಡ್ಕೊಂಡ್ರೆ ಇನ್ನೊಂದು ವರ್ಷ ಕೊಡ್ತಾರೆ, ಅದರ ಮೇಲೆ ಒಂದು ದಿನಾನೂ ಇಲ್ಲ. ಅಸಲಿ ಕೋಶ ಸಿಕ್ಕಿದ್ರೆ ಮುಖ್ಯವಾದ ಪ್ರಯೋಗ ಅಷ್ಟನ್ನಾದ್ರೂ ಮತ್ತೆ ಮಾಡಬಹುದು. ಸಿಗದಿದ್ರೆ ಹೆಸರು ತೆಗೆದುಹಾಕ್ತಾರೆ."

ಸಿಗುವ ದಾರಿ ಒಂದಿತ್ತು. ನೆಲಮಾಳಿಗೆಯಲ್ಲಿ ದ್ರವ ಸಾರಜನಕದ ತೊಟ್ಟಿಯಿದೆ. ಅದರ ಕೊರೆಯುವ ಚಳಿಯಲ್ಲಿ ಕೋಶಗಳು ಎಷ್ಟು ವರ್ಷವಾದರೂ ಕೆಡದೆ ನಿದ್ದೆ ಮಾಡುತ್ತವೆ. ಚೂರು ಬಂದ ಮೊದಲ ತಿಂಗಳಲ್ಲೇ ನಾನು ಮೂರು ಪುಟ್ಟ ಸೀಸೆ ತುಂಬಿ ಅಲ್ಲಿ ಇಳಿಬಿಟ್ಟಿದ್ದೆ. ಬಾಟಲಿ ತುಂಬಿಕೊಂಡದ್ದು ಮೂರು ತಿಂಗಳಾದ ಮೇಲೆ. ಮೊದಲ ತಿಂಗಳಲ್ಲಿ ಇನ್ನೂ ಮುನಿಸಮ್ಮನೇ ಇದ್ದಿರಬೇಕು. ಇದ್ದಿರಲೇಬೇಕು ಎಂದು ಹುಡುಗಿಗೆ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ.

ಮೊದಲ ಸೀಸೆ ಮೇಲೆ ತಂದಾಗ ಅಭ್ಯಾಸಬಲದಿಂದ ಗ್ಲೌಸ್ ಹಾಕಿಕೊಂಡು ಮುಂದೆ ಬಂದೆ.

"ಮಾವ, ನೀನು ಮುಟ್ಬೇಡ," ಎಂದಳು.

ಕೋಪದಿಂದ ಹೇಳಲಿಲ್ಲ. ಒಲೆಯ ಹತ್ತಿರ ಬಂದ ಮಗುವಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದಳು. ಕಪಾಳಕ್ಕೆ ಬಾರಿಸಿದ್ದರೆ ಇದಕ್ಕಿಂತ ವಾಸಿ ಇತ್ತು. ಗ್ಲೌಸ್ ಕಳಚಿ ಕಸದ ಬುಟ್ಟಿಗೆ ಹಾಕಿ, ಬಾಗಿಲ ಹತ್ತಿರ ನಿಂತೆ. ಬೇಕಾದ್ದನ್ನು ದೂರದಿಂದ ಬಾಯಲ್ಲಿ ಹೇಳಿಕೊಟ್ಟೆ. ಬಿಸಿನೀರಲ್ಲಿ ಒಂದೇ ನಿಮಿಷ, ಅಲ್ಲಾಡಿಸಬೇಡ, ಹನಿಹನಿಯಾಗಿ ಬಿಡು. ಅವಳ ಕೈ ನನ್ನ ಕೈಗಿಂತ ಚೆನ್ನಾಗಿತ್ತು. ಅಷ್ಟು ಶುದ್ಧವಾಗಿ ಕೆಲಸ ಮಾಡುವವರನ್ನು ನಾನು ನೋಡಿಲ್ಲ.

ಮೊದಲ ಸೀಸೆಯ ಕೋಶಗಳು ಒಡೆದುಹೋಗಿದ್ದವು. ಎರಡನೆಯದು ಒಂಬತ್ತು ದಿನ ಹಾಗೇ ತೇಲುತ್ತಿತ್ತು, ತಳಕ್ಕೆ ಅಂಟಲಿಲ್ಲ. ಅಂಟದಿದ್ದರೆ ಸತ್ತಂತೆಯೇ. ಅವಳು ಊಟ ಬಿಟ್ಟಳು. ಅಕ್ಕ ಫೋನ್ ಮಾಡಿ ‘ಹುಡುಗಿ ಯಾಕೋ ಸರಿಯಾಗಿ ಮಾತಾಡ್ತಿಲ್ಲ, ಸ್ವಲ್ಪ ನೋಡ್ಕೊಳ್ಳೋ’ ಎಂದಾಗ ಕೆಲಸ ಜಾಸ್ತಿ ಎಂದು ಸುಳ್ಳು ಹೇಳಿದೆ.

ಮೂರನೆಯದನ್ನು ಒಂದು ಸೋಮವಾರ ತೆರೆದಳು. ಶುಕ್ರವಾರ ಬೆಳಿಗ್ಗೆ ನಾನು ಕಾರಿಡಾರಿನಲ್ಲಿ ಗಾಜಿನ ಸಾಮಾನು ಎಣಿಸುತ್ತಿದ್ದೆ. ಅವಳು ಓಡಿಬಂದಳು.

"ಮಾವ, ಬಾ ಬೇಗ! ಅಂಟ್ಕೊಂಡಿದೆ! ಅರ್ಧ ಬಾಟ್ಲಿ ತುಂಬಿದೆ!"

ಚಿಕ್ಕವಳಿದ್ದಾಗ ಬಿದ್ದ ಹಲ್ಲು ತೋರಿಸಲು ಓಡಿಬರುತ್ತಿದ್ದಳಲ್ಲ, ಅದೇ ಧ್ವನಿ. ನನ್ನ ತೋಳು ಹಿಡಿದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಕಣ್ಣಿಟ್ಟು ನೋಡಿದೆ. ಅರ್ಧ ಅಲ್ಲ, ಅರ್ಧಕ್ಕಿಂತ ಹೆಚ್ಚೇ ತುಂಬಿತ್ತು. ಒಂದನ್ನೊಂದು ತಳ್ಳಾಡಿಕೊಂಡು, ದುಂಡಗೆ, ಹೊಳೆಯುತ್ತ, ಹೊಟ್ಟೆಬಾಕನ ಸಂತಾನ. ಮೊದಲ ತಿಂಗಳಲ್ಲೇ, ಬಹುಶಃ ಮೊದಲ ವಾರದಲ್ಲೇ ಬೆರೆತಿತ್ತು. ಕರಗಿಸುವಾಗ ಬಡಪಾಯಿ ಮುನಿಸಮ್ಮ ಸತ್ತಿದ್ದಳು, ಅವನು ಬದುಕಿದ್ದ. ನಾನು ಅವಳನ್ನು ಒಂದು ದಿನವಾದರೂ ಶುದ್ಧವಾಗಿ ಸಾಕಿದ್ದೆನೋ ಇಲ್ಲವೋ ಆ ದೇವರಿಗೇ ಗೊತ್ತು.

ನಾನು ಕಣ್ಣು ತೆಗೆಯಲಿಲ್ಲ. ತೆಗೆದರೆ ಅವಳ ಮುಖ ನೋಡಬೇಕಿತ್ತು.

"ಮಾವ," ಎಂದಳು ಹಿಂದಿನಿಂದ. ಧ್ವನಿ ಇಳಿದಿತ್ತು. "ಆಗ ಹೀಗೇ ಬೆಳೀತಿತ್ತಾ?"

ಹೌದು ಎಂದುಬಿಡಬಹುದಿತ್ತು. ಇನ್ನೊಂದು ಪರೀಕ್ಷೆಯ ಲಕೋಟೆ ಬರುವವರೆಗೆ ಎರಡು ವಾರ ನೆಮ್ಮದಿಯಾಗಿ ಇರುತ್ತಿದ್ದಳು.

"ಇಲ್ಲ ಪುಟ್ಟಿ," ಎಂದೆ. "ನಾಲ್ಕು ದಿನಕ್ಕೆ ಅದು ಏನೂ ಬೆಳೀತಿರ್ಲಿಲ್ಲ."

ಅವಳು ಅಳಲಿಲ್ಲ. ಪಕ್ಕದ ಸ್ಟೂಲ್ ಎಳೆದುಕೊಂಡು ಕೂತಳು. ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟಳು. ಆಮೇಲೆ ಕೇಳಿದಳು.

"ಅದು ನೋಡೋಕೆ ಹೇಗಿತ್ತು ಮಾವ?"

"ಯಾವುದು?"

"ನಿಜವಾದದ್ದು. ನೋಡಿರೋನು ನೀನೊಬ್ಬನೇ ಅಲ್ವಾ."

ಆರು ವರ್ಷ ಅದರ ಹೆಸರಲ್ಲಿ ದುಡಿದವಳು ಒಂದು ಗಳಿಗೆಯೂ ಅದನ್ನು ಕಂಡಿರಲಿಲ್ಲ. ನಾನು ಹೇಳತೊಡಗಿದೆ. ಸಣ್ಣಸಣ್ಣವು, ತುಸು ಉದ್ದ, ಒಂದಕ್ಕೊಂದು ತಾಗದೆ ಮೂಲೆಮೂಲೆಯಲ್ಲಿ ಒಂಟಿಯಾಗಿ ಕೂತಿರುತ್ತಿದ್ದವು. ಅಷ್ಟು ಹೇಳಿದ ಮೇಲೆ ಮುಂದಕ್ಕೆ ತೋಚಲಿಲ್ಲ. ಅಂಚು ಹೇಗಿತ್ತು, ನಡುವೆ ಏನು ಕಾಣುತ್ತಿತ್ತು, ಯಾವುದೂ ಜ್ಞಾಪಕಕ್ಕೆ ಬರಲಿಲ್ಲ. ಅವಳು ತಲೆ ತಗ್ಗಿಸಿ, ಒಂದು ಮಾತೂ ತಪ್ಪದಂತೆ ಕೇಳಿಸಿಕೊಳ್ಳುತ್ತಿದ್ದಳು. ಮರೆತುಹೋಗಿದೆ ಎನ್ನುವ ಧೈರ್ಯ ನನಗೆ ಬರಲಿಲ್ಲ. ಉಳಿದದ್ದನ್ನು ನಾನೇ ಕಟ್ಟಿ ಹೇಳಿದೆ.