ಒಂದೇ ಟೇಕಿನ ಜಯಲಕ್ಷ್ಮೀ

ಜಯಲಕ್ಷ್ಮೀಯ ಸ್ನೇಹವೆಂದರೆ ದಿನಾ ಪರೀಕ್ಷೆಗೆ ಕೂತಂತೆ. ಚೆನ್ನೈನ ಅಣ್ಣಾ ನಗರದಿಂದ ವಡಪಳನಿಯ ಸ್ಟುಡಿಯೋಗೆ ಅವಳೂ ಅಂಬುಜಾಳೂ ಒಂದೇ ಮೆಟ್ರೋದಲ್ಲಿ ಬರುತ್ತಿದ್ದರು. ಡಬ್ಬಿ ಬಿಚ್ಚಿದರೆ ಜಯಲಕ್ಷ್ಮೀಯ ಚಿತ್ರಾನ್ನವೇ ಹೆಚ್ಚು ಉದುರುದುರು. ಅಂಬುಜಾಳಿಗೆ ನೆಗಡಿ ಬಂದರೆ ಅವಳಿಗೆ ಜ್ವರವೇ ಬಂದಿರಬೇಕು. ಇಬ್ಬರೂ ತಮಿಳು ಧಾರಾವಾಹಿಗಳಿಗೆ ಕನ್ನಡದಲ್ಲಿ ಕಂಠದಾನ ಮಾಡುವವರು. ಅಂಬುಜಾ ಕೆಲಸ ಮುಗಿಸಿ ಹೊರಗೆ ಬಂದಳೆಂದರೆ ನೀರು ಕುಡಿಯುವ ಮೊದಲೇ ಪ್ರಶ್ನೆ ಸಿದ್ಧವಾಗಿರುತ್ತಿತ್ತು: "ಎಷ್ಟು ಟೇಕ್ ಆಯ್ತೇ?" ಉತ್ತರ ಏನೇ ಇರಲಿ, ಜಯಲಕ್ಷ್ಮೀ ತನ್ನದು ಒಂದೇ ಸಲಕ್ಕೆ ಓಕೆ ಆಯಿತೆಂದು ಹೇಳಿ ಹಾಯಾಗಿ ಕಾಫಿ ಹೀರುತ್ತಿದ್ದಳು.

ತಮಾಷೆಯೆಂದರೆ, ಇಷ್ಟು ವರ್ಷದಲ್ಲಿ ಅಂಬುಜಾ ಅವಳ ಕೆಲಸವನ್ನು ನೆಟ್ಟಗೆ ಕೇಳಿರಲೇ ಇಲ್ಲ. ಒಬ್ಬೊಬ್ಬರೇ ಗಾಜಿನ ಕೋಣೆಗೆ ಹೋಗಿ, ಪರದೆಯ ಮೇಲಿನ ತುಟಿ ನೋಡಿಕೊಂಡು, ತಮ್ಮ ಪಾತ್ರದ ಮಾತು ಹೇಳಿ ಬರುವುದು ಅಲ್ಲಿನ ಪದ್ಧತಿ. ಎದುರಿನ ಪಾತ್ರ ಕಿವಿಯಲ್ಲಿ ತಮಿಳಿನಲ್ಲೇ ಮಾತಾಡುತ್ತಿರುತ್ತದೆ. ಇನ್ನು ಮನೆಯ ಟಿ.ವಿ.ಯಲ್ಲಿ ಜಯಲಕ್ಷ್ಮೀಯ ದನಿ ಬಂದರೆ ಅಂಬುಜಾಳಿಗೆ ಅಡುಗೆಮನೆಯ ಕೆಲಸ ನೆನಪಾಗಿಬಿಡುತ್ತಿತ್ತು. ಹೊಟ್ಟೆಕಿಚ್ಚು ಎನ್ನಿ ಬೇಕಾದರೆ, ಅವಳೂ ಇಲ್ಲವೆನ್ನುತ್ತಿರಲಿಲ್ಲ.

ಹೊಸ ಧಾರಾವಾಹಿಯಲ್ಲಿ ಜಯಲಕ್ಷ್ಮೀಗೆ ತಾಯಿಯ ಪಾತ್ರ, ಅಂಬುಜಾಳಿಗೆ ಮಗಳದು. ಮಗಳೇ ಕಥೆಯ ನಾಯಕಿ. ಅಕ್ಕ, ಅತ್ತಿಗೆ, ಪಕ್ಕದ ಮನೆಯವಳು ಎಂದು ಸವೆದಿದ್ದ ಅಂಬುಜಾಳಿಗೆ ಸಿಕ್ಕ ಮೊದಲ ನಾಯಕಿ. ಆದರೆ ಮೊದಲ ಕಂತುಗಳನ್ನು ಕೇಳಿದ ಚಾನೆಲ್‌ನವರು ಮಗಳದು ಸುಳ್ಳು ಅಳು ಎಂದುಬಿಟ್ಟರು. ಇವತ್ತಿನ ಆಸ್ಪತ್ರೆಯ ದೃಶ್ಯವೂ ಸರಿಹೋಗದಿದ್ದರೆ ಮಗಳ ಪಾತ್ರವನ್ನೂ ಜಯಲಕ್ಷ್ಮೀಗೇ ಕೊಡಬೇಕಾಗುತ್ತದೆ ಎಂದು ಡಬ್ಬಿಂಗ್ ನೋಡಿಕೊಳ್ಳುವ ಸತ್ಯಾತ್ಮ ಫೋನಿನಲ್ಲಿ ತಡವರಿಸುತ್ತ ಹೇಳಿದ್ದ.

ಅದು ಯಾರ ಸಲಹೆ ಎಂದು ಹುಡುಕಬೇಕಾಗಿರಲಿಲ್ಲ. ಬೆಳಿಗ್ಗೆ ಮೆಟ್ರೋದಲ್ಲಿ ಜಯಲಕ್ಷ್ಮೀಯೇ ಬಾಯಿಬಿಟ್ಟಳು.

"ಎರಡು ದನೀನೂ ನನ್ ಕೈಲಾಗತ್ತೆ ಅಂದೆ ಕಣೇ. ಹಿಂದಿನಿಂದ ಮಾತಾಡೋಳಲ್ಲ ನಾನು, ಎದುರಿಗೇ ಹೇಳ್ತಿದೀನಿ."

"ದೊಡ್ಡ ಉಪಕಾರ ಆಯ್ತು ತಾಯಿ," ಎಂದು ಅಂಬುಜಾ ಮುಖ ತಿರುಗಿಸಿದಳು.

ಸ್ಟುಡಿಯೋದಲ್ಲಿ ಜಯಲಕ್ಷ್ಮೀಯದು ಮೊದಲು ಮುಗಿಯಿತು. ಒಂದೇ ಟೇಕ್, ಹೇಳಬೇಕೇ? ಅಂಬುಜಾ ಒಳಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡಾಗ ಗಾಜಿನಾಚೆಯಿಂದ ಸತ್ಯಾತ್ಮ ಹೇಳಿದ. ತಿರುವೊಟ್ಟಿಯೂರಿನಲ್ಲಿ ಹುಟ್ಟಿ ಬೆಳೆದವನು, ಅವನ ಕನ್ನಡದಲ್ಲಿ ಅರ್ಧ ತಮಿಳೇ.

"ಇವತ್ತು ಕಿವಿಗೆ ತಮಿಳು ವೇಂಡಾಂ ಮೇಡಂ. ಜಯಲಕ್ಷ್ಮೀ ಮೇಡಂ ಹೇಳಿದ ಕನ್ನಡಾನೇ ಹಾಕ್ತೀನಿ. ಅದಕ್ಕೆ ಉತ್ತರ ಹೇಳಿ, ಅವ್ಳೋದಾನ್, ಅಷ್ಟೇ."

ಪರದೆಯ ಮೇಲೆ ನೆನಪು ಕಳೆದುಕೊಂಡ ತಾಯಿ ಮಂಚದಲ್ಲಿ ಕಣ್ಣು ಬಿಟ್ಟಳು. ಎದುರಿಗೆ ಮಗಳು. ಅಂಬುಜಾ ದೊಡ್ಡದೊಂದು ಅಳುವಿಗೆ ಉಸಿರು ತುಂಬಿಕೊಂಡು ನಿಂತಿದ್ದಳು.

"ಯಾರಮ್ಮಾ ನೀನು," ಎಂದಿತು ಕಿವಿಯಲ್ಲಿ ಒಂದು ದನಿ. ಸ್ವಲ್ಪ ತಡೆದು, "ಊಟ ಆಯ್ತಾ?"

ಅದರಲ್ಲಿ ಅಳು ಇರಲಿಲ್ಲ, ನಡುಕ ಇರಲಿಲ್ಲ. ಮಗಳನ್ನೇ ಮರೆತ ಹೆಂಗಸು, ಎದುರಿಗೆ ನಿಂತವಳು ಯಾರಾದರೇನು, ಹಸಿದಿರಬಹುದಲ್ಲ ಎಂದು ಕೇಳುತ್ತಿದ್ದಳು. ಅಂಬುಜಾ ತುಂಬಿಕೊಂಡಿದ್ದ ಉಸಿರು ಸುಮ್ಮನೆ ಹೊರಗೆ ಹೋಯಿತು. ಪರದೆಯ ಮಗಳು ತುಟಿ ಆಡಿಸಿ ಮುಗಿಸಿದರೂ ಇವಳ ಬಾಯಿ ತೆರೆಯಲಿಲ್ಲ.

"ಮೇಡಂ, ಮಿಸ್ ಆಯ್ತು. ಇನ್ನೊಂದು ಸಲ ಹೋಗೋಣ."

ಇನ್ನೊಂದು ಸಲವೂ ಅದೇ ಆಯಿತು. ಚಿತ್ರಾನ್ನಕ್ಕೂ ಜ್ವರಕ್ಕೂ ಪೈಪೋಟಿಗಿಳಿಯುವ ಈ ಹೆಂಗಸಿನ ಗಂಟಲಲ್ಲಿ ಇದು ಎಲ್ಲಿ ಅಡಗಿತ್ತು? ದಿನಾ ಪಕ್ಕದಲ್ಲೇ ಕೂತು ಬಂದೆನಲ್ಲ, ನನಗೇಕೆ ಕೇಳಿಸಲಿಲ್ಲ? ಗಾಜಿನಾಚೆ ಜಯಲಕ್ಷ್ಮೀ ಕಾಫಿ ಬಿಟ್ಟು ಎದ್ದು ನಿಂತದ್ದು ಕಾಣಿಸಿತು. ಪಾತ್ರ ಕೈತಪ್ಪುತ್ತಿದೆ ಎಂದು ಅಂಬುಜಾಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಎದೆಯಲ್ಲಿ ಭಯಕ್ಕೆ ಜಾಗವೇ ಉಳಿದಿರಲಿಲ್ಲ, ಅಷ್ಟು ಬೆರಗು ತುಂಬಿತ್ತು.

ಮೂರನೆಯ ಸಲ ಅವಳು ಈ ಕೆಲಸದಲ್ಲಿ ಯಾರೂ ಮಾಡದ ತಪ್ಪು ಮಾಡಿದಳು. ಕಣ್ಣು ಮುಚ್ಚಿಕೊಂಡಳು. ತುಟಿ ಬೇಡ, ಪರದೆ ಬೇಡ, ಆ ದನಿಯೊಂದೇ ಸಾಕು.

"ಊಟ ಆಯ್ತಾ?"

"ಆಯ್ತಮ್ಮ," ಎಂದಳು ಅಂಬುಜಾ ಮೆಲ್ಲಗೆ. ಬೆಳಿಗ್ಗೆಯಿಂದ ಏನೂ ತಿನ್ನದ ಮಗಳು ಅಮ್ಮನ ಸಮಾಧಾನಕ್ಕೆ ಹೇಳುವ ಸುಳ್ಳು ಅದು. "ನೀನು ಮಲಕ್ಕೋ."

ಕಣ್ಣು ತೆರೆದಾಗ ಸತ್ಯಾತ್ಮ ಕನ್ನಡಕ ತೆಗೆದು ಒರೆಸುತ್ತಿದ್ದ. ಮಾತು ತುಟಿಗೆ ಸರಿಯಾಗಿ ಕೂತಿದೆ ಮೇಡಂ, ಎಂದಷ್ಟೇ ಹೇಳಿದ. ಮಗಳ ಪಾತ್ರ ಅಂಬುಜಾಳಿಗೇ ಉಳಿಯಿತು ಎಂಬುದಕ್ಕೆ ಬೇರೆ ಮಾತು ಬೇಕಿರಲಿಲ್ಲ.

ಅವಳು ಹೊರಗೆ ಬಂದಳು. ಎಷ್ಟು ಟೇಕ್ ಎಂದು ಜಯಲಕ್ಷ್ಮೀ ಕೇಳಲಿಲ್ಲ. ನೇರ ಸತ್ಯಾತ್ಮನ ಹತ್ತಿರ ಹೋಗಿ ನಿಂತಳು.

"ನಂದು ತೆಗೆದುಬಿಡಿ. ಇನ್ನೊಂದು ಸಲ ಹೇಳ್ತೀನಿ."

"ಏನ್ ಮೇಡಂ, ನಿಮ್ದು ಒಂದೇ ಟೇಕ್‌ಗೆ ಓಕೆ ಆಗಿದೆಯಲ್ಲ."

"ಇವಳು ಹಾಗೆ ಆಯ್ತಮ್ಮ ಅಂದ್ಮೇಲೆ ನಂದು ಸಾಲದು ರೀ," ಎಂದಳು ಜಯಲಕ್ಷ್ಮೀ. ಅವಳ ಕಣ್ಣು ಒದ್ದೆಯಾಗಿತ್ತು, ಮುಖದಲ್ಲಿ ಮಾತ್ರ ಅದೇ ಹಳೆಯ ಹಟ. ಅಂಬುಜಾಳ ಮಣಿಕಟ್ಟು ಹಿಡಿದು ಗಾಜಿನ ಕೋಣೆಗೆ ಎಳೆದುಕೊಂಡು ಹೋದಳು. "ಬಾರೇ. ನೀನು ಎದುರಿಗೆ ನಿಂತ್ಕೋ."

ಒಂದೇ ಮೈಕಿನ ಮುಂದೆ ಇಬ್ಬರೂ ನಿಂತರು. ಸತ್ಯಾತ್ಮ ದೀಪ ಇಳಿಸಿದ. ಅಂಬುಜಾ ಈ ಸಲ ಕಣ್ಣು ಮುಚ್ಚಲಿಲ್ಲ, ಗೆಳತಿಯ ಮುಖವನ್ನೇ ನೋಡಿದಳು. ಒಮ್ಮೆ ಹೇಳಿದರು, ಮತ್ತೊಮ್ಮೆ ಹೇಳಿದರು, ಸತ್ಯಾತ್ಮ ಸಾಕೆಂದ ಮೇಲೂ ಹೇಳಿದರು. ಪ್ರತಿ ಸಲವೂ ಜಯಲಕ್ಷ್ಮೀ ಇನ್ನಷ್ಟು ಮೇಲೆ ಹೋದಳು, ಹೋಗುವಾಗ ಅಂಬುಜಾಳನ್ನೂ ಜೊತೆಗೆ ಕರೆದುಕೊಂಡೇ ಹೋದಳು.

ಹೊರಗೆ ಬಂದಾಗ ಕಾಫಿ ಆರಿ ಹೋಗಿತ್ತು.

"ಎಷ್ಟು ಟೇಕ್ ಆಯ್ತೇ?" ಎಂದು ಈ ಸಲ ಅಂಬುಜಾ ಕೇಳಿದಳು.

ಜಯಲಕ್ಷ್ಮೀ ಲೋಟ ಕೈಗೆತ್ತಿಕೊಂಡು ಆರಿದ ಕಾಫಿಯನ್ನೇ ಹೀರಿದಳು.

"ಎಣಿಸ್ಲಿಲ್ಲ ಕಣೇ," ಎಂದಳು.