ಸಾಹೇಬರ ತಣ್ಣನೆ ಹಾಲ್

"ನಿನ್ ಮಗಳಿಗೆ ಓದೋಕೆ ಲೈಬ್ರರಿ ಬೇಕೇನೋ, ಬೋಳೀಮಗನೆ? ಹೋಗು, ನಿಮ್ಮಪ್ಪನ ಹತ್ರ ಗ್ರಾಂಟ್ ಇಸ್ಕೊಂಡ್ ಬಾ!"

ದೆಹಲಿಗೆ ಬಂದಮೇಲೆ ಕುಲಪತಿ ಸಾಹೇಬರಿಗೆ ಕನ್ನಡ ಮರೆತುಹೋಗಿತ್ತು. ವಿಶ್ವವಿದ್ಯಾಲಯದ ಕ್ಯಾಂಟೀನಿನಿಂದ ಚಹಾ ತರುವ ಜಯಾನಂದನನ್ನು ಬೈಯುವಾಗ ಮಾತ್ರ ಸೊಗಸಾಗಿ ನೆನಪಾಗುತ್ತಿತ್ತು.

ಅನುದಾನ ಸಾಲದೆಂದು ಲೈಬ್ರರಿಗೆ ಸಂಜೆಯಾಗುವ ಮುಂಚೆಯೇ ಬೀಗ. ಜಯಾನಂದನ ಮಗಳು ಭವ್ಯಶ್ರೀ ಅಲ್ಲೇ ಎಂ.ಎಸ್ಸಿ. ಓದುತ್ತಿದ್ದಳು, ನಾಡಿದ್ದು ಪರೀಕ್ಷೆ. ಮುನಿರ್ಕಾದ ಅವರ ಒಂಟಿ ಕೋಣೆಯಲ್ಲಿ ಪುಸ್ತಕ ಬಿಚ್ಚಿದರೆ ಕಾಲು ಮಡಚಬೇಕು, ಕಾಲು ಬಿಚ್ಚಿದರೆ ಪುಸ್ತಕ ಮಡಚಬೇಕು. ಇತ್ತ ಮೀಟಿಂಗ್ ಹಾಲಿನಲ್ಲಿ, ಸಂಜೆ ಬರಲಿದ್ದ ಅನುದಾನ ತಂಡಕ್ಕೆಂದು, ಎಸಿ ಮಧ್ಯಾಹ್ನದಿಂದಲೇ ಖಾಲಿ ಕುರ್ಚಿಗಳ ಸೇವೆ ಮಾಡುತ್ತಿತ್ತು.

"ಬಿಡಪ್ಪ, ಮೆಟ್ರೋ ಸ್ಟೇಷನ್‌ನಲ್ಲಿ ಕೂತು ಓದ್ತೀವಿ," ಎಂದಳು ಕ್ಯಾಂಟೀನಿಗೆ ಬಂದ ಭವ್ಯಶ್ರೀ.

"ಮೆಟ್ರೋ ಯಾಕೆ ಮಾರಾಯ್ತಿ? ನಿನ್ನ ಫ್ರೆಂಡ್ಸನ್ನೆಲ್ಲ ಹಾಲ್ ಹತ್ರ ಕರ್ಕೊಂಡು ಹೋಗು. ಕುಲಪತಿ ಅಪ್ಪಣೆ ಕೊಡ್ತಾರೆ."

"ಯಾವ ಕುಲಪತಿ?"

ಜಯಾನಂದ ಹೊಟ್ಟೆ ಮುಂದೆ ತಳ್ಳಿ, ಮೂಗು ಹಿಂಡಿಕೊಂಡು, ಕ್ಯಾಂಟೀನಿನ ಇಂಟರ್‌ಕಾಮ್ ಎತ್ತಿದ. ಕುಲಪತಿಗಳು ಅವನ ಗಂಟಲಿಗೆ ಇಳಿದರು.

"ಸುನೋ! ಬಚ್ಚೋಂ ಕೋ ಹಾಲ್ ಮೇ ಬಿಠಾವೋ. ಪಢನೇ ದೋ. ಅಭೀ!"

ಆ ಕಡೆ ಫೋನ್ ಎತ್ತಿದ, ಹಾಲಿನ ಬಾಗಿಲು ಕಾಯುವ ವಿಕ್ರಮನೂ ಜಯಾನಂದನಂತೆ ಗುತ್ತಿಗೆಯವನೇ. ಸಾಹೇಬರನ್ನು "ಯಾಕೆ ಸರ್?" ಎಂದು ಕೇಳಿದ್ದ ಹಿಂದಿನ ಗಾರ್ಡ್ ಈಗ ಕರೋಲ್ ಬಾಗಿನ ಫುಟ್‌ಪಾತಿನಲ್ಲಿ ಸಾಕ್ಸ್ ಮಾರುತ್ತಿದ್ದ. ವಿಕ್ರಮ್ "ಜೀ ಸಾಬ್" ಎಂದವನೇ, ಮಕ್ಕಳು ಕೂತು ಓದಲೆಂದು ಹಾಲಿನ ಬೀಗ ತೆಗೆದ.

ಸಂಜೆ ಸಾಹೇಬರು ತಂಡವನ್ನು ಕರೆತಂದು ನೋಡಿದರೆ, ಮಖಮಲ್ಲಿನ ಕುರ್ಚಿಗಳಲ್ಲಿ, ಮೇಜಿನಡಿಯ ಕಾರ್ಪೆಟ್ಟಿನಲ್ಲಿ ಹುಡುಗ ಹುಡುಗಿಯರು. ಸಾಹೇಬರ ಸ್ವಂತ ಕುರ್ಚಿಯಲ್ಲಿ ಭವ್ಯಶ್ರೀ, ಬಾಯಲ್ಲಿ ಪೆನ್ಸಿಲು.

"ಯಾವ ಬೇವರ್ಸಿ..." ಎಂದು ಅವರಿಗೆ ಕನ್ನಡ ಮರಳುವಷ್ಟರಲ್ಲಿ ವಿಕ್ರಮ್ ತಂಡದ ಹಿರಿಯ ಮೇಡಂಗೆ ಸೆಲ್ಯೂಟ್ ಹೊಡೆದ. "ಸಾಬ್ ಕಾ ಆರ್ಡರ್ ಥಾ, ಮೇಡಂ!"

ಮೇಡಂ ಚಪ್ಪಾಳೆ ತಟ್ಟಿದರು. "ವಾಹ್! ಲೈಬ್ರರಿಗೆ ದುಡ್ಡಿಲ್ಲಾಂತ ನಿಮ್ಮ ಹಾಲನ್ನೇ ಬಿಟ್ಟುಕೊಟ್ರಾ?"

ಸಾಹೇಬರ ಕಣ್ಣು ಕೋಣೆಯೆಲ್ಲ ಸುತ್ತಿ, ಟ್ರೇ ಹಿಡಿದು ನಿಂತ ಜಯಾನಂದನ ಮೇಲೆ ನಿಂತಿತು. ಅವನು ಚಹಾದ ಕೆನೆಯನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದ.

ಭವ್ಯಶ್ರೀ ಎದ್ದು ನಿಂತಳು. ಕುರ್ಚಿ ಬಿಡಲಿಲ್ಲ, ಅದರ ಕೈ ಹಿಡಿದುಕೊಂಡೇ ಕೇಳಿದಳು. "ಥ್ಯಾಂಕ್ಯೂ ಸರ್. ದಿನಾ ತೆಗೆದಿರುತ್ತೆ ಅಲ್ವಾ? ಮೇಡಂ ಎದುರಿಗೇ ಹೇಳಿಬಿಡಿ, ಸರ್."

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ನಕ್ಕರು, ಹಾಲಿಗೆ ಹಾಲೇ ನಕ್ಕಿತು. ಮಂಜೂರಾಗಬೇಕಿದ್ದ ಅನುದಾನದ ಫೈಲು ಇನ್ನೂ ಮೇಡಂ ಕಂಕುಳಲ್ಲೇ ಇತ್ತು.

"ದಿನಾ! ದಿನಾ!" ಎನ್ನುತ್ತ ಕುಲಪತಿಗಳು ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವಂತೆ ನಕ್ಕರು.