ಕಾಗೆಯ ಮೂರನೇ ಕಾಲು

ದೇವರ ಮುಂದೆ ನಿಂತವನ ಮುಖ ದೇವರಿಗೆ, ಬೆನ್ನು ಊರಿಗೆ. ಅದಕ್ಕೇ ಚೀನಾದ ದಾವೋ ಪಂಥದ ಪುರೋಹಿತರು ಪೂಜೆಗೆ ತೊಡುವ ರೇಷ್ಮೆ ನಿಲುವಂಗಿಯಲ್ಲಿ ಕಸೂತಿಯ ವೈಭವವೆಲ್ಲ ಬೆನ್ನಿನ ಮೇಲಂತೆ. ಕುಕ್ ಟೌನಿನಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಲಿನ್ ಹೀಗೆಂದು ವಿವರಿಸಿ, ಅಂಥ ಪುರೋಹಿತನಾಗಿದ್ದ ತನ್ನ ತಾತನ ನಿಲುವಂಗಿಯನ್ನು ಹೊಸ ತಿಪ್ಪಸಂದ್ರದ ಗೆಳತಿ ಅಲಮೇಲಮ್ಮನವರ ಕೈಗೆ ಒಪ್ಪಿಸಿದ್ದಳು. ಅವಳ ಮನೆಯ ಸೂರು ರಿಪೇರಿಯಾಗುವ ತನಕ ಅದು ಟ್ರಂಕಿನಲ್ಲಿರಬೇಕು, ಅಷ್ಟೆ.

"ಬಿಚ್ಚಬೇಡ ಕಣೇ. ತಾತಂದು ಅಂತ ಉಳಿದಿರೋದು ಇದೊಂದೇ. ನಿನ್ನ ನಂಬಿ ಕೊಡ್ತಿದೀನಿ."

ಅಲಮೇಲಮ್ಮ ದೈವಭಕ್ತೆ, ಕೊಟ್ಟ ಮಾತಿಗೆ ತಪ್ಪದವರು. ಆದರೆ ನವರಾತ್ರಿ ಬಂತಲ್ಲ! ಗೊಂಬೆ ಕೂರಿಸಿದ ಮೇಲೆ ಪಕ್ಕದ ಗೋಡೆ ಬೋಳುಬೋಳಾಗಿ ಕಂಡಿತು. "ಗಾಳಿಯಾಡದಿದ್ರೆ ರೇಷ್ಮೆ ಮುಗ್ಗಲು ಹಿಡಿಯುತ್ತೆ" ಎಂದು ತಮಗೆ ತಾವೇ ಹೇಳಿಕೊಂಡರು; ದೇವಿಗೂ ಕೇಳಿಸಲೆಂದು ತುಸು ಗಟ್ಟಿಯಾಗಿಯೇ ಹೇಳಿಕೊಂಡರು. ತೋಳಿನೊಳಗೆ ಪರದೆಯ ಕೋಲು ತೂರಿಸಿ, ಬೆನ್ನು ಕಾಣುವಂತೆ ತೂಗುಹಾಕಿದರು. ನೀಲಿ ರೇಷ್ಮೆಯ ತುಂಬ ಜರಿಯ ಮೋಡ, ಹಾರುವ ಕೊಕ್ಕರೆ. ಒಂದು ಭುಜದಲ್ಲಿ ಚಂದ್ರ, ಅವನೊಳಗೆ ನಮ್ಮ ಚಂದ್ರನಲ್ಲಿರುವಂಥದೇ ಮೊಲ. ಇನ್ನೊಂದು ಭುಜದಲ್ಲಿ ಹಳದಿ ಸೂರ್ಯ, ಅವನೊಳಗೆ ಮೂರು ಕಾಲಿನ ಕಾಗೆ.

ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ ಮನೆಯ ಪದ್ಮಶ್ರೀಯ ಕಣ್ಣು ಗೊಂಬೆಗಳನ್ನೆಲ್ಲ ದಾಟಿ ನೇರವಾಗಿ ಅಲ್ಲಿಗೇ ಹೋಯಿತು.

"ಏನ್ರೀ ಅಲಮೇಲಮ್ಮ, ಹಬ್ಬದ ಮನೇಲಿ ಕಾಗೆ ನೇತಾಕಿದೀರ?"

"ಕಾಗೆ ಯಾರ ವಾಹನ? ಶನಿದೇವರದು. ಶನಿದೇವರು ಯಾರ ಮಗ? ಸೂರ್ಯನ ಮಗ. ಅಪ್ಪನ ಮನೇಲಿ ಮಗ ಗಾಡಿ ನಿಲ್ಲಿಸಬಾರದೇನ್ರೀ?"

"ಅದಕ್ಕೆ ಮೂರು ಕಾಲು ಯಾಕೆ?"

"ಮೂರನೇದು ಸ್ಟ್ಯಾಂಡು!"

ಬಾಯಿಂದ ಜಾರಿದ್ದು ಜಾರಿಹೋಯಿತು. ಹುಡುಗಾಟಕ್ಕೆ ಆಡಿದ ಮಾತು ಪದ್ಮಶ್ರೀಯ ಎದೆಗೇ ತಾಕಿತು. "ನಮ್ಮನೆಯವರಿಗೆ ಸಾಡೇಸಾತಿ ನಡೀತಿದೆ ರೀ" ಎನ್ನುತ್ತ ಬಟ್ಟಲಿಗೆ ಬೆರಳದ್ದಿ, ಬೇಡ ಬೇಡ ಎನ್ನುವಷ್ಟರಲ್ಲಿ ಮೂರನೇ ಕಾಲಿಗೆ ಧಾರಾಳವಾಗಿ ಕುಂಕುಮ ಹಚ್ಚಿ ಕೈಮುಗಿದಳು.

ಅದೇ ಗಳಿಗೆಗೆ ಬಾಗಿಲಲ್ಲಿ ದನಿ ಕೇಳಿಸಿತು. "ಅಲಮೇಲು, ಕಡಲೆ ಸುಂಡಲ್ ಉಳಿಸಿದೀಯೇನೇ?"

ಲಿನ್!

ಅಲಮೇಲಮ್ಮ ಹೌಹಾರಿ ಒಂದೇ ಜಿಗಿತಕ್ಕೆ ಗೋಡೆಗೆ ಹೋಗಿ ಕಾಗೆಗೆ ಬೆನ್ನು ಒತ್ತಿ ನಿಂತರು. ಒಳಗೆ ಬಂದ ಲಿನ್ ನಿಲುವಂಗಿಯನ್ನು ನೋಡಿದಳು, ಗೆಳತಿಯನ್ನು ನೋಡಿದಳು. ಮುಖ ಸಣ್ಣದಾಯಿತು.

"ಬಿಚ್ಚಬೇಡ ಅಂದಿದ್ದೆ."

"ಗಾಳಿಗೆ ಹಾಕಿದ್ದೆ ಕಣೇ, ಗಾಳಿಗೆ. ಯಾರೂ ಮುಟ್ಟಿಲ್ಲ. ಎಲ್ಲಾ ಹೇಗಿತ್ತೋ ಹಾಗೇ ಇದೆ."

"ಹಾಗಿದ್ರೆ ಗೋಡೆಗ್ಯಾಕೆ ಹಲ್ಲಿ ಥರ ಅಂಟ್ಕೊಂಡಿದೀಯ?"

"ಬೆನ್ನು ನೋವು."

ಅಷ್ಟರಲ್ಲಿ ಗೊಂಬೆಗಳ ಮುಂದೆ ಆರತಿ ತಟ್ಟೆ ಸಜ್ಜುಮಾಡಲು ಹೋಗಿದ್ದ ಪದ್ಮಶ್ರೀಗೆ ಇದೊಂದೂ ಕೇಳಿಸಿರಲಿಲ್ಲ. "ಆರತಿ ಹೊತ್ತಾಯ್ತು, ಬನ್ರೀ" ಎಂದು ತಟ್ಟೆ ಚಾಚಿದಳು. ದೇವಿಯ ಆರತಿಗೆ ಬರುವುದಿಲ್ಲ ಎನ್ನಲಾದೀತೇ? ಅಲಮೇಲಮ್ಮ ಮೆಲ್ಲಗೆ ತುಸು ಮುಂದೆ ಸರಿದು, ತಲೆ ತಿರುಗಿಸಿ ಭುಜದ ಮೇಲಿಂದ ಕಾಗೆಯನ್ನು ಓರೆಗಣ್ಣಲ್ಲಿ ನೋಡಿದರು. ತಾಯಿಯ ಮಹಿಮೆಯೇ ಮಹಿಮೆ! ಕಾಲಿನ ಕುಂಕುಮ ಹೆಚ್ಚುಕಡಿಮೆ ಮಾಯ. ಹೋದ ಜೀವ ಬಂದಂತಾಗಿ ತಟ್ಟೆ ಹಿಡಿದು, ದೇವಿಯ ಕಡೆ ಮುಖ ಮಾಡಿ, ಗಟ್ಟಿಯಾಗಿ ಹಾಡು ಎತ್ತಿಕೊಂಡರು.

ಹಿಂದೆ ಪದ್ಮಶ್ರೀ ಕಿಸಕ್ಕೆಂದಳು.

"ಅಯ್ಯೋ, ಅಲಮೇಲಮ್ಮ! ಶನಿದೇವರ ಗಾಡಿ ಸ್ಟ್ಯಾಂಡು ನಿಮ್ಮ ರವಿಕೆಗೆ ಹತ್ತಿದೆ!"

ಬೆವೆತ ಕೆನೆಬಣ್ಣದ ರವಿಕೆಯ ಬೆನ್ನ ಮೇಲೆ ಕೆಂಪು ಕಾಲೊಂದು ಉಗುರಿನ ಸಮೇತ ಅಚ್ಚೊತ್ತಿತ್ತು.

ಹಾಡು ನಿಂತಿತು. ತಿರುಗಿ ನೋಡುವ ಧೈರ್ಯ ಸಾಲದೆ ಅಲಮೇಲಮ್ಮ ದೇವಿಯ ಮುಖವನ್ನೇ ನೋಡುತ್ತ ಹೇಳಿದರು. "ತಪ್ಪಾಯ್ತು ಲಿನ್. ಗೋಡೆ ಬೋಳಾಗಿತ್ತು. ಆಸೆ ಆಯ್ತು."

ಲಿನ್ ನಿಲುವಂಗಿಯ ಹತ್ತಿರ ಹೋಗಿ ಕಾಗೆಯನ್ನು ಪರೀಕ್ಷಿಸಿದಳು. ಉಗುರ ತುದಿಯಲ್ಲಿ ಒಂದಿಷ್ಟು ಕೆಂಪು ಉಳಿದೇ ಇತ್ತು. ಅಂಚಿನಲ್ಲಿ ತಾತನ ಊದುಬತ್ತಿ ಸುಟ್ಟ ಹಳೆಯ ತೂತೊಂದಿತ್ತು. ಅದನ್ನು ಬೆರಳಿನಿಂದ ಒಮ್ಮೆ ಸವರಿದಳು. ಆಮೇಲೆ "ಸ್ಟ್ಯಾಂಡಾ?" ಎಂದಳು. ತುಟಿ ನಡುಗಿ ನಗು ಹೊರಬಿತ್ತು.

"ಸರಿ. ಹಬ್ಬ ಮುಗಿಯೋ ತನಕ ಇಲ್ಲೇ ಇರಲಿ. ಆದ್ರೆ ಇವತ್ತು ನೀನು ರವಿಕೆ ಬದಲಾಯ್ಸೋ ಹಾಗಿಲ್ಲ. ಬಂದೋರೆಲ್ಲರ ಮುಂದೆ ನಿಂತು ನೀನೇ ದೇವಿಗೆ ಆರತಿ ಎತ್ತಬೇಕು."

"ಮಾನ ಹೋಗುತ್ತೆ ಕಣೇ!"

"ಮುಖ ದೇವರಿಗೆ, ಬೆನ್ನು ಊರಿಗೆ" ಎಂದಳು ಲಿನ್, ಸುಂಡಲ್ ಬಟ್ಟಲು ಹಿಡಿದು ಮುಂದಿನ ಕುರ್ಚಿಯಲ್ಲೇ ಕೂರುತ್ತ.

ಗೇಟಿನ ಬಳಿ ಚಪ್ಪಲಿ ಬಿಡುವ ಸದ್ದಾಯಿತು. ಬಂದಿದ್ದು ಬೀದಿಯ ಭಜನಾ ಮಂಡಳಿ, ಪೂರ್ತಿ.